ಏಳು ಗಂಟೆಯ ನಿದ್ದೆ

ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿ ಶಿವಯೋಗೆಪ್ಪನಿಗೆ ಜಗತ್ತಿನಲ್ಲಿ ಹೆದರಿಕೆ ಎಂಬುದಿದ್ದರೆ ಅದು ಸೂಜಿಯದು ಮಾತ್ರ. ಊರಿಗೆ ಲಸಿಕೆ ಹಾಕುವವರು ಬಂದಾಗ ದ್ರಾಕ್ಷಿ ಬಾಕ್ಸುಗಳ ಹಿಂದೆ ಎರಡು ತಾಸು ಉಸಿರು ಬಿಗಿಹಿಡಿದು ಕೂತಿದ್ದ ಗಂಡಸು ಆತ. ಅಂಥವನಿಗೇ ಸಕ್ಕರೆ ಕಾಯಿಲೆ ಗಂಟುಬಿದ್ದಿತ್ತು. ಹೋಳಿಗೆ ಬಿಟ್ಟ, ಹಾಗಲಕಾಯಿ ರಸ ಕುಡಿದ, ಕಣ್ಣೆದುರು ರಾಶಿ ರಾಶಿ ಒಣದ್ರಾಕ್ಷಿ ಬಿದ್ದಿದ್ದರೂ ಒಂದನ್ನೂ ಬಾಯಿಗೆ ಹಾಕಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ರಿಪೋರ್ಟಿನಲ್ಲಿ ದರಿದ್ರ ಸಕ್ಕರೆ ಮಾತ್ರ ಒಂಬತ್ತೂವರೆ ಬಿಟ್ಟು ಇಳಿಯಲೊಲ್ಲದು.

ವಿಜಯಪುರದ ಜಲನಗರದ ದವಾಖಾನೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಮೇಘಾ ಮೈಸೂರು ಕಡೆಯವಳು. ರಿಪೋರ್ಟು ನೋಡಿ, "ಮೂರು ತಿಂಗಳು ನೋಡ್ತೀನಿ. ಇಳೀದಿದ್ರೆ ದಿನಾ ಹೊಟ್ಟೆಗೆ ಇನ್ಸುಲಿನ್ ಸೂಜಿ" ಎಂದಳು. ಶಿವಯೋಗೆಪ್ಪನ ಹೊಟ್ಟೆ ಅಲ್ಲೇ ಒಳಗೆ ಸರಿಯಿತು.

"ಎಷ್ಟು ಗಂಟೆ ಮಲಗ್ತೀರಾ?"

"ಹತ್ತು ರೀ."

"ಹತ್ತಾ! ಜಾಸ್ತಿ ಆಯ್ತು. ನಿದ್ದೆ ಕಡಿಮೆ ಆದ್ರೂ ಹೆಚ್ಚಾದ್ರೂ ಸಕ್ಕರೆಗೆ ಒಳ್ಳೇದಲ್ಲ. ಏಳು ಗಂಟೆ ಮಲಗಿ, ಸಾಕು."

"ಏಳಾ?" ಶಿವಯೋಗೆಪ್ಪ ಬಾಯಿ ತೆರೆದ.

"ಏಳೇ. ಒಂದು ದಿನಾನೂ ತಪ್ಪಿಸಬೇಡಿ."

ತಿಕೋಟಾ ಬಸ್ಸಿನಲ್ಲಿ ಆತನ ಬೈಗುಳ ಶುರುವಾಯಿತು. "ಏಳಕ್ಕ ಹಾಲು ಕುಡಿಯೋ ಕೂಸೂ ಮಕ್ಕೊಳ್ಳಾಂಗಿಲ್ಲ ಬೇ! ಆಕೀಗೆ ತಲಿ ನೆಟ್ಟಗೈತೇನು?"

ಹೆಂಡತಿ ಅಕ್ಕನಾಗಮ್ಮ ಕಿಟಕಿ ಕಡೆ ನೋಡುತ್ತಲೇ ಕೇಳಿದಳು, "ಸೂಜಿ ಬೇಕೋ, ಹಾಸಿಗಿ ಬೇಕೋ?"

ಅಂದಿನಿಂದ ಸಂಜೆ ಆರಕ್ಕೇ ರೊಟ್ಟಿ. ಏಳಕ್ಕೆ ಮೊಬೈಲು ಜೋಳದ ಡಬ್ಬಿಯೊಳಗೆ, ಸಾಹುಕಾರ ಹಾಸಿಗೆಯೊಳಗೆ. ಮೊದಲೆಲ್ಲ ಹತ್ತಕ್ಕೆ ಅಡ್ಡಾದರೂ ಒಂದರ ತನಕ ಎದೆಯ ಮೇಲೆ ಮೊಬೈಲು ಇಟ್ಟುಕೊಂಡು ಸಾಂಗ್ಲಿಯ ದರ, ಸೋಲಾಪುರದ ದರ ಎಂದು ತಡಕಾಡಿ, ನಾಲ್ಕಕ್ಕೆ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಓಡುತ್ತಿದ್ದ. ಮೂರೇ ತಾಸು ಮಲಗುವ ಶೂರ ತಾನೆಂದು ಮೀಸೆಯನ್ನೂ ತಿರುವುತ್ತಿದ್ದ.

ಒಂದು ಸಂಜೆ ಏಳೂವರೆಗೆ ಮಾಲಿನ ಮಾತಾಡಲು ಬಂದ ದಲಾಲ ಶಕೀಲನಿಗೆ ಅಕ್ಕನಾಗಮ್ಮ "ಮಕ್ಕೊಂಡಾರ" ಎಂದದ್ದೇ ತಪ್ಪಾಯಿತು. "ಯಾ ಅಲ್ಲಾ, ಅಷ್ಟು ಸೀರಿಯಸ್ ಐತೇನ್ರಿ?" ಎಂದು ಆತ ಹೋದ. ಮರುದಿನ ಬಾಗಿಲಿಗೆ ಎಳನೀರು, ಮೋಸಂಬಿ, ಬ್ರೆಡ್ಡು. ಸುದ್ದಿ ಬಬಲೇಶ್ವರ ಮುಟ್ಟಿ, ತಂಗಿ ವಿಜಯಲಕ್ಷ್ಮೀ ಮೊದಲ ಬಸ್ಸಿಗೇ ಅಳುತ್ತಾ ಬಂದಳು. ಅಣ್ಣ ಕಟ್ಟೆಯ ಮೇಲೆ ಬೇವಿನಕಡ್ಡಿ ಜಗಿಯುತ್ತಾ ಕೂತಿದ್ದ. "ಯಣ್ಣಾ, ಅದೀಯಾ?" ಎಂದಳು. ಇದ್ದಾನೆಂದು ಖಾತ್ರಿಯಾದ ಮೇಲೆ ಇನ್ನೂ ಜೋರಾಗಿ ಅತ್ತಳು.

ನಾಚಿಕೆಯಿಂದ ಸತ್ತಂತಾದರೂ ಶಿವಯೋಗೆಪ್ಪ ಒಂದು ದಿನವೂ ತಪ್ಪಿಸಲಿಲ್ಲ. ಸೂಜಿ ಕಣ್ಣ ಮುಂದೆಯೇ ನಿಂತಿತ್ತು.

ಮೂರು ತಿಂಗಳಾದ ಮೇಲೆ ರಿಪೋರ್ಟು ಬಂತು: ಏಳು ಪಾಯಿಂಟ್ ಎರಡು.

"ಭೇಷ್! ಸೂಜಿ ಬೇಡ" ಎಂದಳು ಮೇಘಾ. "ನೋಡಿ, ನಿದ್ದೆ ಕಡಿಮೆ ಮಾಡಿದ್ದು ಎಷ್ಟು ಒಳ್ಳೇದಾಯ್ತು."

"ಕಡಿಮಿ ಎಲ್ಲಿ ಬಂತ್ರಿ? ನೀವ ಹೇಳಿದಂಗ ಏಳಕ್ಕ ಮಕ್ಕೊಂಡು ನಾಕಕ್ಕ ಏಳಾಕತ್ತೇನಿ. ಮೊದಲ ಮೂರ ತಾಸ ಮಕ್ಕೊತಿದ್ದೆ."

ಮೇಘಾಳ ಪೆನ್ನು ನಿಂತಿತು. ಬೆರಳಲ್ಲಿ ಎಣಿಸಿದಳು. ಈ ಊರಿನಲ್ಲಿ ಗಂಟೆ ಎಂದರೆ ಗಡಿಯಾರದ್ದು, ಹೊತ್ತು ಅಳೆಯುವುದು ತಾಸಿನಲ್ಲಿ ಎಂಬುದು ಆಕೆಗೆ ಈಗ ಹೊಳೆಯಿತು. "ಅಯ್ಯೋ, ನಾನು ಕೇಳಿದ್ದು ಎಷ್ಟು ತಾಸು ಅಂತ! ಏಳು ತಾಸು ಸಾಕು. ಒಂಬತ್ತಕ್ಕೆ ಮಲಗಿದ್ರೂ ನಡೆಯುತ್ತೆ."

ಶಿವಯೋಗೆಪ್ಪನ ಮುಖ ಅರಳಿತು. ಒಂಬತ್ತು! ಎರಡು ತಾಸು ಮೊಬೈಲು, ಶಕೀಲ, ದರ, ಎಲ್ಲಾ ವಾಪಸು.

"ಡಾಕ್ಟರ್ರ, ಅದನ್ನೊಂದು ಹೇಳಬ್ಯಾಡ್ರಿ" ಎಂದಳು ಪಕ್ಕದಲ್ಲೇ ಕೂತಿದ್ದ ಅಕ್ಕನಾಗಮ್ಮ. "ಇವರ ಮೊಬೈಲಿನ ಬೆಳಕು, ಮಾತು, ನಡುರಾತ್ರಿ ಚಹಾ ಅಂತ ನಾ ಎಂದೂ ಕಣ್ತುಂಬ ಮಕ್ಕೊಂಡಿಲ್ರಿ. ಲಗ್ನ ಆಗಿ ಇಪ್ಪತ್ತೆಂಟು ವರ್ಷದಾಗ ಈ ಮೂರ ತಿಂಗಳಷ್ಟ. ನನ್ನ ಬಿ.ಪಿ.ನೂ ಇಳದೈತ್ರಿ."

ಆಕೆಗೆ ಬಿ.ಪಿ. ಇತ್ತೆಂಬುದೇ ಶಿವಯೋಗೆಪ್ಪನಿಗೆ ಗೊತ್ತಿರಲಿಲ್ಲ. ಹೆಂಡತಿಯ ಮುಖ ನೋಡಿದ. ಕಣ್ಣ ಕೆಳಗಿನ ಕಪ್ಪು ಯಾವಾಗ ಹೋಯಿತೋ ಅದನ್ನೂ ಆತ ನೋಡಿರಲಿಲ್ಲ.

"ಏಳಕ್ಕ ಇರ್ಲಿ ರೀ" ಎಂದ ಡಾಕ್ಟರಿಗೆ. "ಚೀಟಿಮ್ಯಾಲ ಬರೀರಿ. ಇಬ್ಬರ ಹೆಸರೂ ಬರೀರಿ."