ಅಂಚು ಕತ್ತರಿಸಿದ ಆಮೆ

ಮಗ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಬೈಂಡಿಂಗ್ ಅಂಗಡಿಯ ಬಾಗಿಲು ತೆಗೆದು, ಎಂದಿನಂತೆ ದೇವರಿಗೆ ಕೈಮುಗಿದು, ಕಾಗದದ ಹೊರೆಗಳನ್ನು ಸರಿಸುತ್ತಿದ್ದೆ. ಅವುಗಳ ಹಿಂದೆ ಮಗನ ತಗಡಿನ ಡಬ್ಬಿ ಸಿಕ್ಕಿತು. ನನ್ನ ಅಂಗಡಿಯಲ್ಲಿ ತೇವ ತಾಗುವುದಿಲ್ಲವೆಂದು ಅವನೇ ಅಲ್ಲಿ ಇಟ್ಟಿದ್ದ. ಒಳಗೆ ನೂರಾ ನಲವತ್ತು ಆಟದ ಕಾರ್ಡುಗಳು.

ಇಸ್ಪೀಟಲ್ಲ. ಒಂದೊಂದರ ಮೇಲೂ ಒಂದು ವಿಚಿತ್ರ ಪ್ರಾಣಿ, ಅದರ ಬಲವೆಷ್ಟು, ಅದು ಯಾವುದನ್ನು ಸೋಲಿಸಬಲ್ಲದು ಎಂಬ ವಿವರ. ಮುಚ್ಚಿದ ಪೊಟ್ಟಣದಲ್ಲಿ ಹತ್ತು ಬರುತ್ತವೆ. ಯಾವ ಹತ್ತು ಎಂಬುದು ಹರಿದ ಮೇಲೇ ಗೊತ್ತು. ಮಗ ಹನ್ನೊಂದನೆಯ ವಯಸ್ಸಿನಿಂದ ಪೊಟ್ಟಣ ಹರಿಯುತ್ತ ಬಂದವನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ, ಮದುವೆಯಾಗಿ, ಮಗಳು ಹುಟ್ಟಿದ ಮೇಲೂ ಭಾನುವಾರ ಕಾರ್ಡಿನ ಅಂಗಡಿಯ ಮೇಜಿಗೆ ಹೋಗಿ ಆಡುವುದನ್ನು ಬಿಡಲಿಲ್ಲ. ಮಗಳಿಗೂ ಕಲಿಸಿದ.

ನನಗೆ ಅದು ಜೂಜಾಗಿಯೇ ಕಂಡಿತು. ಒಮ್ಮೆ ರೇಗಿದೆ.

"ಬಣ್ಣದ ಕಾಗದಕ್ಕೆ ದುಡ್ಡು ಸುರೀತೀಯಲ್ಲ, ತಲೆ ನೆಟ್ಟಗಿದೆಯೇನೋ?"

"ನೀವು ಹೊಟ್ಟೆ ಹೊರೆಯೋದೂ ಕಾಗದದಿಂದಾನೇ ಅಲ್ವಾ ಅಪ್ಪ?"

"ನಾನು ಕಾಗದಕ್ಕೆ ಬಟ್ಟೆ ಹೊದಿಸ್ತೀನಿ. ನೀನು ಕಾಗದಕ್ಕೋಸ್ಕರ ಉಟ್ಟ ಬಟ್ಟೇನೂ ಬಿಚ್ಚಿಕೊಡ್ತೀಯ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಸ ಪೊಟ್ಟಣವೊಂದನ್ನು ಹರಿದು ನನ್ನ ಮೂಗಿನ ಹತ್ತಿರ ಹಿಡಿದ. "ವಾಸನೆ ನೋಡಿ." ಹೊಸ ಶಾಯಿಯ ವಾಸನೆ. ಐವತ್ತು ವರ್ಷ ನಾನು ಉಸಿರಾಡಿದ್ದು ಅದನ್ನೇ. ನನಗೆ ಹಿತವಾಯಿತು. ಹಿತವಾಯಿತೆಂದು ಹೇಳಲಿಲ್ಲ. "ನಿನಗೆ ದೇವರೇ ಬುದ್ಧಿ ಕೊಡಬೇಕು" ಎಂದು ಮುಖ ತಿರುಗಿಸಿದೆ. ಆಮೇಲೆ ಕಾರ್ಡಿನ ಮಾತನ್ನು ಅವನು ನನ್ನೆದುರು ಎತ್ತಲಿಲ್ಲ. ಹೀಗೇ ಹದಿನೈದು ವರ್ಷ ಕಳೆಯಿತು. ಒಂದು ದಿನ ಡಿಪೋದಲ್ಲೇ ಎದೆ ಹಿಡಿದು ಕುಸಿದ.

ಡಬ್ಬಿಯ ಮುಂದೆ ಕುಳಿತವನಿಗೆ, ಮಗನಿಗಾಗಿ ಇನ್ನು ನನ್ನ ಕೈಯಲ್ಲಿ ಆಗುವುದು ಇದೊಂದೇ ಎನ್ನಿಸಿತು. ಕಾರ್ಡುಗಳು ಬಿಡಿಬಿಡಿಯಾಗಿ ಬಿದ್ದಿದ್ದವು. ಕೆಲವು ಒಂದು ಗೆರೆಯಷ್ಟು ಉದ್ದ, ಕೆಲವು ಗಿಡ್ಡ. ಅಂಚು ಸಮವಿಲ್ಲದ ಪುಸ್ತಕವನ್ನು ನಾನು ಎಂದೂ ಗಿರಾಕಿಯ ಕೈಗೆ ಕೊಟ್ಟವನಲ್ಲ. ಮೊಮ್ಮಗಳು ಪರೀಕ್ಷೆಗೆಂದು ಅವಳ ಚಿಕ್ಕಮ್ಮನ ಮನೆಯಲ್ಲಿದ್ದಳು. ಅವಳು ಬರುವಷ್ಟರಲ್ಲಿ ಅಪ್ಪನ ಕಾರ್ಡುಗಳನ್ನು ಒಂದು ಪುಸ್ತಕ ಮಾಡಿ ಕೊಡಬೇಕೆಂದುಕೊಂಡೆ.

ಕಾರ್ಡುಗಳನ್ನು ಕಟ್ಟಾಗಿ ಜೋಡಿಸಿ, ಕಟಿಂಗ್ ಯಂತ್ರದಲ್ಲಿಟ್ಟು, ನಾಲ್ಕೂ ಕಡೆ ಕೂದಲೆಳೆಯಷ್ಟು ಕತ್ತರಿಸಿದೆ. ದಪ್ಪ ಹಾಳೆಗೆ ಗೋಂದಿನಿಂದ ಅಂಟಿಸಿ, ಹೊಲಿದು, ಪ್ರಾರ್ಥನೆಯ ಪುಸ್ತಕಕ್ಕೆಂದು ತೆಗೆದಿಟ್ಟಿದ್ದ ಕೆಂಪು ಚರ್ಮವನ್ನು ಹೊದಿಸಿದೆ. ಒಂಬತ್ತು ದಿನ ಹಿಡಿಯಿತು. ಅಂಥ ಕೆಲಸ ನನ್ನ ಕೈಯಿಂದ ಹಿಂದೆ ಆಗಿರಲಿಲ್ಲ. ಒಂದೊಂದು ಹೊಲಿಗೆಗೂ ದೇವರ ಹೆಸರು ಹೇಳಿದೆ. ಮಗನ ಕ್ಷಮೆ ಕೇಳಿದೆ.

ಮೊಮ್ಮಗಳು ಬಂದವಳೇ ಕೇಳಿದಳು: "ತಾತ, ಅಪ್ಪನ ಡಬ್ಬಿ ಅಂಗಡೀಲಿದೆ ಅಲ್ವಾ? ಶುಕ್ರವಾರ ನರ್ಸಿಂಗ್ ಕಾಲೇಜಿಗೆ ಫೀಸು ಕಟ್ಟಬೇಕು."

"ಡಬ್ಬಿಗೂ ಫೀಸಿಗೂ ಎಲ್ಲಿಯ ಸಂಬಂಧ ತಾಯಿ?"

"ಅಯ್ಯೋ, ಅಪ್ಪ ಹೇಳಿರ್ಲಿಲ್ವಾ? ಅದರಲ್ಲಿ ದೀಪ ಹೊತ್ತಿರೋ ಆಮೆ ಇದೆಯಲ್ಲ, ಅದನ್ನ ಒಂದು ಲೋಟ ಚಹಾದ ದುಡ್ಡಿಗೆ ತಗೊಂಡಿದ್ರಂತೆ. ಈಗ ಅದೊಂದನ್ನ ಮಾರಿದ್ರೆ ಒಂದು ವರ್ಷದ ಫೀಸಾಗುತ್ತೆ. ಎಲ್ಲಾ ಮಾರಿದ್ರೆ ನನ್ನ ಓದೇ ಮುಗಿಯುತ್ತೆ."

ಹೇಳಿರಲಿಲ್ಲ. ಹೇಳುವ ದಾರಿಯನ್ನು ನಾನೇ ಮುಚ್ಚಿದ್ದೆ.

ಪುಸ್ತಕವನ್ನು ಅವಳ ಕೈಗಿಟ್ಟೆ. ತೆರೆದಳು. ಆಮೆಯ ಅಂಚಿನ ಮೇಲೆ ಬೆರಳಾಡಿಸಿದಳು.

"ಕತ್ತರಿಸಿದ್ರಾ ತಾತ?"

"ಕೂದಲೆಳೆಯಷ್ಟು."

"ಹೂಂ. ಅಂಗಡೀಲಿ ತೋರಿಸೋಣ ನಡೀರಿ. ಏನಂತಾರೋ ನೋಡೋಣ."

ಮಗ ಹೇಳುತ್ತಿದ್ದ ಮೇಜು ಆ ಅಂಗಡಿಯಲ್ಲಿ ಕಾಣಲಿಲ್ಲ. ಅದಿದ್ದ ಕಡೆ ಬೀಗ ಹಾಕಿದ ಗಾಜಿನ ಬೀರುಗಳಿದ್ದವು. ಆಡುವವರು ಯಾರೂ ಇರಲಿಲ್ಲ. ದಪ್ಪನೆಯ ಗಿರಾಕಿಯೊಬ್ಬ ಪೊಟ್ಟಣಗಳ ಪೆಟ್ಟಿಗೆಯನ್ನೇ ಕೊಳ್ಳುತ್ತಿದ್ದ.

"ಇಷ್ಟೆಲ್ಲ ಯಾವಾಗ ಆಡಿ ಮುಗಿಸ್ತೀರಿ?" ಎಂದೆ.

"ಆಡೋದಾ? ಒಡೆದ್ರೆ ಬೆಲೆ ಹೋಯ್ತಲ್ಲ ಯಜಮಾನ್ರೇ! ಹೋದ ವರ್ಷ ಇಟ್ಟಿದ್ದು ಈಗ ಮೂರು ಪಟ್ಟಾಗಿದೆ."

ಅಂಗಡಿಯವನು ಬಿಳಿಯ ಕೈಗವಸು ಹಾಕಿಕೊಂಡು, ಕಣ್ಣಿಗೆ ಭೂತಗನ್ನಡಿ ಹಿಡಿದು, ಪುಸ್ತಕ ತೆರೆದ. ಮೊದಲ ಹಾಳೆಯಲ್ಲೇ ಭೂತಗನ್ನಡಿಯನ್ನು ಕೆಳಗಿಟ್ಟ.

"ಯಾರು ಕತ್ತರಿಸಿದ್ದು?"

"ನಾನೇ. ಅಂಚು ಸಮ ಇರ್ಲಿಲ್ಲ."

"ಆ ಅಂಚಿಗೇ ರೀ ದುಡ್ಡು! ಅಚ್ಚಿನಿಂದ ಹೇಗೆ ಬಂತೋ ಹಾಗೇ ಇರ್ಬೇಕು. ಸಾಲದ್ದಕ್ಕೆ ಗೋಂದು ಬೇರೆ."

ದಪ್ಪನೆಯವನು ಇಣುಕಿ ನೋಡಿದ. "ಒಳ್ಳೇ ದೇವರ ಪುಸ್ತಕ ಇದ್ದಂಗಿದೆ. ಅಡ್ಡಬಿದ್ದು ಬಿಡಿ, ಅಷ್ಟೇ ಇನ್ನು."

"ಸುಮ್ನಿರಿ" ಎಂದಳು ಮೊಮ್ಮಗಳು. ಅಂಗಡಿಯವನನ್ನು ಕೇಳಿದಳು: "ಏನೂ ಬರಲ್ವಾ?"

"ಏನೂ ಇಲ್ಲಮ್ಮ." ನನ್ನ ಮುಖ ನೋಡಿ ಅವನಿಗೆ ಪಾಪ ಎನ್ನಿಸಿರಬೇಕು. "ಕೆಲಸ ಮಾತ್ರ ಬಹಳ ಅಚ್ಚುಕಟ್ಟು ಯಜಮಾನ್ರೇ" ಎಂದ. ಅವನು ನನ್ನ ಕೆನ್ನೆಗೆ ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು.

ಬಳಿಕ ಮೊಮ್ಮಗಳ ಕಡೆ ತಿರುಗಿದ. "ನೀನು ಡಿಪೋ ಅಣ್ಣನ ಮಗಳಲ್ವಾ? ಅಪ್ಪನ ಪಕ್ಕ ಕೂತು ಆಡ್ತಿದ್ದೆ. ನನಗೆ ಕೌಂಟರಿಗೆ ಕಾರ್ಡು ಗೊತ್ತಿರೋರು ಬೇಕು. ಬರ್ತೀಯಾ?"

ಅವಳು ಆಗುವುದಿಲ್ಲ ಎನ್ನಲಿ ಎಂದು ದೇವರನ್ನು ಬೇಡಿಕೊಂಡೆ.

"ಯಾವತ್ತಿಂದ ಬರ್ಬೇಕು?" ಎಂದಳು.

ಮನೆಯಲ್ಲಿ ಸೊಸೆ ಎಲ್ಲವನ್ನೂ ಕೇಳಿದಳು. ಅಳಲಿಲ್ಲ. "ಒಂದು ಮಾತು ಕೇಳಬಾರದಿತ್ತಾ ಮಾವ?" ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ದೇವರನ್ನು ಕೇಳಿದ್ದೆ, ಮಗನನ್ನು ಕೇಳಿದ್ದೆ. ಒಂದೇ ಗೋಡೆಯ ಆಚೆ ಇದ್ದ ಅವಳನ್ನು ಕೇಳಿರಲಿಲ್ಲ.

ಶುಕ್ರವಾರ ಬಂತು, ಹೋಯಿತು. "ಮುಂದಿನ ವರ್ಷ ನೋಡೋಣ ಬಿಡಮ್ಮ" ಎಂದು ಮೊಮ್ಮಗಳು ತಾಯಿಗೆ ಸಮಾಧಾನ ಹೇಳಿದಳು. ಈಗ ಬೆಳಗಿನಿಂದ ಸಂಜೆಯವರೆಗೆ ಕೈಗವಸು ಹಾಕಿಕೊಂಡು, ಯಾರೂ ಹರಿಯದ ಪೊಟ್ಟಣಗಳನ್ನು ಮಾರುತ್ತಾಳೆ. ನಾನು ದಿನವೂ ಪ್ರಾರ್ಥನೆಗೆ ಕೂರುತ್ತೇನೆ. ಒಳ್ಳೆಯ ಮನಸ್ಸಿನಿಂದ ಮಾಡಿದೆನೆಂದು ದೇವರ ಮುಂದೆ ಹೇಳಿಕೊಳ್ಳಲು ಹೋದರೆ ನಾಚಿಕೆಯಾಗುತ್ತದೆ.

ಸಂಜೆ ಬಂದವಳು ಚಪ್ಪಲಿ ಬಿಡುತ್ತ, ಹೊರಗೆ ಬಿಸಿಲು ಎನ್ನುವಷ್ಟೇ ಸಹಜವಾಗಿ ಹೇಳುತ್ತಾಳೆ: "ಆಮೆ ರೇಟು ಇವತ್ತು ಮತ್ತೆ ಏರಿತು ತಾತ."

ಹೇಳಬೇಡವೆನ್ನಲು ನನಗೆ ಬಾಯಿಲ್ಲ. "ಎಷ್ಟಾಯ್ತು ತಾಯಿ?" ಎಂದು ಕೇಳುತ್ತೇನೆ. ಅವಳು ಹೇಳುತ್ತಾಳೆ.