ಹೊತ್ತು ಮುಳುಗಿದ ಮೇಲಿನ ಗುಳಿಗೆ

ಗಂಡ ಬಾಪುಸಾಹೇಬರ ಎದೆಯಿಂದ ಡಾಕ್ಟರು ಇಸಿಜಿ ತಂತಿಗಳನ್ನು ಕೀಳುವಾಗ ರಾಜಮತಿ ಮೆಲ್ಲಗೆ ಬಾಯಿ ತೆರೆದಳು.

"ನನಗೂ ಮೂರ್ ದಿನದಿಂದ ದವಡಿ ಜಗ್ಗತೈತ್ರಿ. ನಾಕ್ ಹೆಜ್ಜಿ ನಡದ್ರ ದಮ್ಮ ಹತ್ತತೈತಿ."

"ಎದಿ ನೋವೈತೇನು?"

"ಇಲ್ರಿ."

"ಹಂಗಾರ ಪಿತ್ತ. ಔಷಧ ಬರದ ಕೊಡ್ತೀನಿ."

"ಆಕಿಗೂ ಸಕ್ಕರಿ ಜಡ್ಡ ಐತ್ರಿ, ನನಕಿಂತ ಜಾಸ್ತಿ," ಎಂದರು ಬಾಪುಸಾಹೇಬರು ಅಂಗಿ ತೊಡುತ್ತ. "ಹಂಗ ಆಕಿದೂ ಒಂದ ಇಸಿಜಿ ಪಟ್ಟಿ ತಗದಬಿಡ್ರಿ."

ಡಾಕ್ಟರು ನಕ್ಕರು. "ಹಾರ್ಟ್ ಅಟ್ಯಾಕ್ ಗಂಡಸರ ಜಡ್ಡ್ರಿ ಸಾವಕಾರ್ರ. ಹೆಣ್ಮಕ್ಕಳಿಗೆ ದೇವರು ಅದೊಂದ ಮಾಫ ಮಾಡ್ಯಾನ."

ಸಕ್ಕರೆ ಕಾಯಿಲೆ ಹೊಕ್ಕ ಹೆಂಗಸಿಗೆ ಆ ಮಾಫಿ ಸಿಗುವುದಿಲ್ಲವೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂತಿಗಳು ಮಂಚದ ಮೇಲೇ ಬಿದ್ದಿದ್ದವು. ಐದು ನಿಮಿಷದ ಕೆಲಸ. ಆದರೆ ತನ್ನದು ದೊಡ್ಡ ಜಡ್ಡಲ್ಲವೆಂದು ರಾಜಮತಿಗೇ ಹಗುರೆನಿಸಿತು. ಚಿಕ್ಕೋಡಿಯಿಂದ ಬೇಡಕಿಹಾಳದವರೆಗೆ ಬಸ್ಸಿನಲ್ಲಿ ಗಂಡನ ತಲೆಯನ್ನು ತನ್ನ ಹೆಗಲಿಗೆ ಆನಿಸಿಕೊಂಡು ಬಂದಳು.

ಹಿಂದಿನ ವರ್ಷ, ತೊಂಬತ್ತೊಂದರಲ್ಲಿ, ಬಾಪುಸಾಹೇಬರಿಗೆ ಎದೆ ಹಿಡಿದಾಗಿನಿಂದ ಆ ಮನೆಗೆ ಒಬ್ಬರೇ ರೋಗಿ. ನೋಡಲು ಬಂದವರು ತಂದ ಪೇಡೆ, ಹೋಳಿಗೆ ಅವರಿಗೆ ನಡೆಯದು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರೂ ಇಲ್ಲ, ಉಳಿದ ಅಡುಗೆ ಮರುದಿನಕ್ಕಿಲ್ಲ. ಎಮ್ಮೆಗೆ ಹಾಕಬಹುದಿತ್ತು. ಆದರೆ ತುಪ್ಪದ ಹೋಳಿಗೆಯನ್ನು ಎಮ್ಮೆಯ ಮುಂದೆ ಸುರಿಯುವ ಕೈ ರಾಜಮತಿಯದಲ್ಲ. ಎಲ್ಲ ಅವಳ ಹೊಟ್ಟೆಗೇ. ಬಾಪುಸಾಹೇಬರಿಗೆ ಮಾತ್ರ ವ್ರತ ಸಡಿಲ. ಜಡ್ಡಿನವರು ರಾತ್ರಿಯೂ ಗುಳಿಗೆ ನುಂಗಬಹುದೆಂದು ಬಸದಿಗೆ ಬಂದಿದ್ದ ಮುನಿ ಮಹಾರಾಜರೇ ಹೇಳಿದ್ದರು.

ಚಿಕ್ಕೋಡಿಯಿಂದ ಬಂದ ದಿನವೇ, ಸೊಸೆ ಸುಗಂಧಾ ದೀಪ ಹಚ್ಚುವ ಹೊತ್ತಿಗೆ ರಾಜಮತಿ ಕಂಬ ಹಿಡಿದು ಕೂತುಬಿಟ್ಟಳು. ಕುಪ್ಪಸ ಬೆವರಿನಿಂದ ತೊಯ್ದಿತ್ತು. ಬಾಪುಸಾಹೇಬರು ಅವಸರದಿಂದ ತಮ್ಮ ಗುಳಿಗೆ ತಂದರು.

"ನಾಲಿಗಿ ಕೆಳಗ ಇಟ್ಕೊ. ನನಗ ಇದರಿಂದನ ಆರಾಮ ಆಗತೈತಿ."

"ಹೊತ್ತ ಮುಳಗೇತ್ರಿ."

"ಜಡ್ಡಿನವರಿಗೆ ನಡೀತೈತಿ ಅಂತ ಮಹಾರಾಜರು ಹೇಳ್ಯಾರಲ್ಲ!"

"ಜಡ್ಡಿನವರು ನೀವು. ನನಗೇನಾಗೇತಿ? ಬರೇ ಪಿತ್ತ ಅಂತ ಡಾಕ್ಟರ್ರ ಹೇಳ್ಯಾರ. ಇಷ್ಟಕ್ಕ ವ್ರತ ಮುರೀಲೇನು?"

ಅವಳ ಮಾತು ಅವರಿಗೂ ನಿಜವೆನಿಸಿತು. ನಿಜವಾಗಿರಲಿ ಎಂಬ ಆಸೆಯೂ ಇತ್ತು, ಪಾಪ. ರಾಜಮತಿ ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಹೊತ್ತ ಹುಟ್ಟಿದ ಮ್ಯಾಲ ತಗೋತೀನಿ. ನೀವ ಮಲಕೋರಿ, ನಿದ್ದಿ ಕೆಟ್ರ ನಿಮಗ ತ್ರಾಸ ಆಗತೈತಿ."

ಬೆಳಗಾಗುತ್ತಲೇ ಸುಗಂಧಾ, "ಅತ್ಯಾರ, ಏಳ್ರೀ!" ಎಂದು ಕೂಗಿದ ಕೂಗಿಗೆ ಓಣಿಯೆಲ್ಲ ಕೂಡಿತು. ಬಂದವರು ಬಾಪುಸಾಹೇಬರನ್ನೇ ಸುತ್ತುವರಿದರು. "ಮೊದಲ ಇವರನ್ನ ಹಿಡೀರಿ, ಹಾರ್ಟಿನ ಮನಷ್ಯಾ ಅದಾರ," ಎಂದು ಯಾರೋ ಗಾಳಿ ಹಾಕಿದರು, ಯಾರೋ ನೀರು ತಂದರು.

ಅವರು ಎಲ್ಲರನ್ನೂ ಸರಿಸಿ ಹೆಂಡತಿಯ ಪಕ್ಕ ಕುಳಿತರು. ಸೆರಗಿನ ಗಂಟು ಬಿಗಿಯಾಗಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು.

"ಹೊತ್ತ ಹುಟ್ಟೇತಿ ನೋಡ," ಎಂದರು. "ಈಗ ತಗೋ."

ಅಂಗೈ ಚಾಚಿಕೊಂಡೇ ಕುಳಿತಿದ್ದರು.