ಶ್ರೀಕಾರಕ್ಕೂ ಒಂದು ಜಾಗ

ಕುಂದಾಣದ ನಿವೃತ್ತ ಶಿಕ್ಷಕಿ ರುಕ್ಮಿಣಮ್ಮನವರಿಗೆ ಎರಡು ದಿನದಿಂದ ಊಟ ರುಚಿಸಿರಲಿಲ್ಲ. ಮೂರು ತಿಂಗಳ ಹಿಂದೆ ದೇವರ ಪಾದ ಸೇರಿದ ಯಜಮಾನರು ಆದಿನಾರಾಯಣಪ್ಪನವರು ಹಾಡಿದ ಭಜನೆಗಳೆಲ್ಲ ಭಜನಾ ಮಂಡಳಿಯವರು ಬಳಸುವ ದೂರದ ಕಂಪ್ಯೂಟರೊಂದರಲ್ಲಿದ್ದವು. ಆ ಹಳೆಯ ಯಂತ್ರ ಶನಿವಾರ ನಿಂತುಹೋಗುತ್ತದೆ. ಅಷ್ಟರೊಳಗೆ ಹಾಡುಗಳನ್ನು ಇಳಿಸಿಕೊಳ್ಳಬೇಕು. ಯಾವುದು ಯಾವ ಹಾಡೆಂದು ಬಲ್ಲವರು ಈಗ ರುಕ್ಮಿಣಮ್ಮನವರೊಬ್ಬರೇ. ಯಂತ್ರದ ಉಸ್ತುವಾರಿ ಪಕ್ಕದ ಮನೆಯ ಸೊಸೆ ಚೈತ್ರಳದು. ಅವಳು ಫೋನಿನಲ್ಲಿ ಹೇಳಿಕೊಟ್ಟಂತೆ ರುಕ್ಮಿಣಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಎಚ್ ಕೀ, ಅಂದರೆ ಆ ಯಂತ್ರದೊಳಗೆ ಹೋಗಲು ಬೇಕಾದ ಜೋಡಿ ಫೈಲು, ಮಾಡಿ, ಅದರಲ್ಲಿ ಪಬ್ಲಿಕ್ ಕೀ ಫೈಲನ್ನು ಅವಳಿಗೆ ಕಳಿಸಿದ್ದರು. ಅವಳು ಅದನ್ನು ಯಂತ್ರಕ್ಕೆ ಸೇರಿಸಿದರೂ ಬಾಗಿಲು ತೆರೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಚೈತ್ರಳೇ ಬಂದಳು.

"ನಂಗೆ ಮೊದಲಿಂದ್ಲೂ ಅನುಮಾನ ಕಣಮ್ಮ," ಎಂದರು ರುಕ್ಮಿಣಮ್ಮ. "ಬೀಗದ ಕೈನ ಯಾರಾದ್ರೂ ಊರಿಗೆಲ್ಲ ಹಂಚ್ತಾರಾ?"

"ನೀವು ಕಳಿಸಿದ್ದು ಬೀಗ, ದೊಡ್ಡಮ್ಮ. ಕೈ ನಿಮ್ಮತ್ರಾನೇ ಐತೆ. ಫೈಲು ಎರಡಾಯ್ತಲ್ಲ? ಹೆಸರಿನ ಕೊನೇಲಿ ಡಾಟ್ ಪಬ್ ಅಂತಿರೋದು ಬೀಗ, ಯಾರಿಗಾದ್ರೂ ಕೊಡಿ. ಇನ್ನೊಂದನ್ನ ನಾನು ಕೇಳಿದ್ರೂ ಕೊಡಬೇಡಿ."

"ನಿನಗೂ ಬೇಡ್ವಾ?"

"ನಂಗೂ ಬೇಡ. ನಮ್ಮತ್ತೆ ಬೀರು ಕೈನ ನಂಗೆ ಕೊಟ್ಟವ್ರಾ? ಹಂಗೇ ಗಟ್ಟಿಯಾಗಿರಿ."

ರುಕ್ಮಿಣಮ್ಮ ಬಹಳ ದಿನಗಳ ಮೇಲೆ ನಕ್ಕರು.

ಚೈತ್ರ ಫೈಲು ತೆರೆದಳು. ಒಂದೇ ಒಂದು ಉದ್ದನೆಯ ಸಾಲು.

"ಇದ್ರಲ್ಲಿ ಮೂರು ಭಾಗ, ನಡುವೆ ಒಂದೊಂದು ಖಾಲಿ ಜಾಗ. ಮೊದಲನೇದು ಯಾವ ಥರದ ಬೀಗ ಅಂತ ಹೇಳುತ್ತೆ. ಅರ್ಥವಾಗದ ಈ ಉದ್ದನೇ ಅಕ್ಷರಗಳೇ ನಿಜವಾದ ಬೀಗ. ಒಂದಕ್ಷರ ಬಿಟ್ಟೋದ್ರೂ, ಸಾಲು ಮುರಿದು ಎರಡಾದ್ರೂ ಕೆಲಸಕ್ಕೆ ಬರಲ್ಲ."

"ಕೊನೇದು? ನನ್ನ ಹೆಸರಿದೆಯಲ್ಲ."

"ಅದು ಬರೀ ಗುರುತು. ಸ್ಟೀಲ್ ಪಾತ್ರೆ ಮೇಲೆ ಹೆಸರು ಹಾಕಿಸಲ್ವಾ? ಹೆಸರಿಲ್ದಿದ್ರೂ ಪಾತ್ರೆ ಪಾತ್ರೇನೇ. ಆದ್ರೆ ಹತ್ತಾರು ಬೀಗ ಸೇರಿದಾಗ ಯಾರದ್ಯಾವುದು ಅಂತ ತಿಳಿಬೇಕಲ್ಲ."

ಅಷ್ಟರಲ್ಲಿ ಅವಳ ಬೆರಳು ಸಾಲಿನ ಮೊದಲಿಗೆ ಬಂದು ನಿಂತಿತು. "ಇದೇನು ದೊಡ್ಡಮ್ಮ, ಇಲ್ಲಿ 'ಶ್ರೀ' ಅಂತ ಐತೆ?"

"ನಾನೇ ಹಾಕ್ದೆ. ನಮ್ಮನೆಯವರು ಶ್ರೀಕಾರ ಇಲ್ದೆ ದಿನಸಿ ಚೀಟೀನೂ ಬರೀತಿರ್ಲಿಲ್ಲ."

"ಮೊದಲನೇ ಜಾಗದಲ್ಲಿ ಬೀಗದ ಥರಾನೇ ಇರಬೇಕು. ಈ ಶ್ರೀ ಯಾವ ಥರದ ಬೀಗ ಅಂತ ಯಂತ್ರಕ್ಕೆ ಗೊತ್ತಾಗಿಲ್ಲ, ಪಾಪ!"

ರುಕ್ಮಿಣಮ್ಮನವರ ಮುಖ ಸಣ್ಣದಾಯಿತು. "ಹಾಗಾದ್ರೆ ದೇವರನ್ನ ಅಳಿಸಬೇಕಾ?"

"ಯಾಕಳಿಸ್ತೀರಾ? ಕೊನೇಗೆ, ನಿಮ್ಮ ಹೆಸರಿನ ಪಕ್ಕ ಕೂರಿಸೋಣ. ಅಲ್ಲಿ ಏನಿದ್ರೂ ಯಂತ್ರ ತಕರಾರು ಮಾಡಲ್ಲ."

ಶ್ರೀ ಸಾಲಿನ ಕೊನೆಗೆ ಹೋಯಿತು. ಚೈತ್ರ ಆ ಸಾಲನ್ನು ಯಂತ್ರಕ್ಕೆ ಸೇರಿಸಿದಳು. ಈ ಸಲ ಬಾಗಿಲು ತೆರೆಯಿತು. ರುಕ್ಮಿಣಮ್ಮ ಮೊದಲು ಇಳಿಸಿಕೊಂಡ ಹಾಡಿನಲ್ಲಿ ಆದಿನಾರಾಯಣಪ್ಪನವರು ಗಂಟಲು ಸರಿಮಾಡಿಕೊಂಡು, ತಾಳ ತಪ್ಪಿದವರನ್ನು ಒಂದು ಮಾತು ಗದರಿ, ರಾಮನನ್ನು ಕರೆದರು. ರುಕ್ಮಿಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೈಮುಗಿದರು.

"ಅಯ್ಯೋ, ನಂಗ್ಯಾಕೆ ದೊಡ್ಡಮ್ಮ!"

"ನಿನ್ನನ್ನ ಕಳಿಸಿದೋನಿಗೆ ಕಣಮ್ಮ. ನಿಂಗೂ ಸೇರಿಸಿ."

ತಾಯಂದಿರೇ, ಅಣ್ಣಂದಿರೇ, ಪಬ್ಲಿಕ್ ಕೀ ಕಳಿಸುವ ಮೊದಲು ಫೈಲನ್ನು ಒಮ್ಮೆ ತೆರೆದು ಓದಿ. ಬೀಗದ ಬಗೆ, ಬೀಗ, ಗುರುತು, ಮೂರೂ ಒಂದೇ ಸಾಲಿನಲ್ಲಿರಲಿ. ಗುರುತಿನಲ್ಲಿ ನಿಮ್ಮ ಹೆಸರು ಬರೆಯಿರಿ. ಡಾಟ್ ಪಬ್ ಇಲ್ಲದ ಫೈಲನ್ನು ಮಾತ್ರ ಎಷ್ಟೇ ಹತ್ತಿರದವರು ಕೇಳಿದರೂ ಕೊಡಬೇಡಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ. ಹೇಳಿಕೊಡುವವರು ಪಕ್ಕದ ಮನೆಯಲ್ಲೇ ಇರಬಹುದು.